ಮಾರ್ಚ್ 23: ಲಾಪ್ಲಾಸ್, ಎಮ್ಮಿ ನೋಥರ್, ಗೋವಿಂದ ಪೈ – ಮೂವರನ್ನೂ ಒಂದೇ ಸಂಜೆ ಓದುವುದು ಹೇಗೆ?

ಕಡಲತಡಿ (ಉಡುಪಿ)

ಎಲ್ಲರಿಗೂ ನಮಸ್ಕಾರ. ನಮ್ಮ ವಾಚನಾಲಯದ ತಿಂಗಳ ಓದು ಈ ಸಲ ಮಾರ್ಚ್ 23ಕ್ಕೆ ಬಿದ್ದಿದೆ. ಅದು ಮಂಜೇಶ್ವರ ಗೋವಿಂದ ಪೈಗಳ ಹುಟ್ಟುಹಬ್ಬ (1883) ಅಂತ ನಮ್ಮ ಕಡೆಯವರಿಗೆ ಬೇರೆ ಹೇಳಬೇಕಾಗಿಲ್ಲ. ಆದರೆ ಅದೇ ತಾರೀಕಿಗೆ ಇನ್ನಿಬ್ಬರು ದೊಡ್ಡವರು ಹುಟ್ಟಿದ್ದಾರೆ. 1749ರಲ್ಲಿ ಫ್ರಾನ್ಸಿನ ನಾರ್ಮಂಡಿಯಲ್ಲಿ ಗಣಿತ, ಖಗೋಳಶಾಸ್ತ್ರದ ಪಿಯರ್ ಸಿಮೊನ್ ಲಾಪ್ಲಾಸ್. 1882ರಲ್ಲಿ ಜರ್ಮನಿಯ ಎರ್ಲಾಂಗೆನ್‌ನಲ್ಲಿ ಗಣಿತಜ್ಞೆ ಎಮ್ಮಿ ನೋಥರ್. ನೋಥರ್ ನಮ್ಮ ಪೈಗಳಿಗಿಂತ ಸರಿಯಾಗಿ ಒಂದು ವರ್ಷಕ್ಕೆ ದೊಡ್ಡವರು.

ನಮ್ಮಲ್ಲಿ ಸಾಹಿತ್ಯದ ಕಾರ್ಯಕ್ರಮಕ್ಕೆ ಸಾಹಿತ್ಯದವರೇ ಬರುತ್ತಾರೆ, ವಿಜ್ಞಾನದ್ದಕ್ಕೆ ವಿಜ್ಞಾನದ ಮಕ್ಕಳೇ ಬರುತ್ತಾರೆ. ಇಬ್ಬರೂ ಒಂದೇ ಬೆಂಚಿನಲ್ಲಿ ಕೂತದ್ದನ್ನು ನಾನು ನೋಡಿದ್ದು ಕಡಿಮೆ. ಈ ತಾರೀಕು ಅದಕ್ಕೊಂದು ಒಳ್ಳೆ ನೆಪ.

ಹುಟ್ಟಿದ್ದು ಎಲ್ಲಿ, ತೀರಿಕೊಂಡದ್ದು ಯಾವಾಗ, ಪ್ರಶಸ್ತಿ ಎಷ್ಟು ಅಂತ ಓದಿ ಹೇಳುವ ಭಾಷಣ ಮಾತ್ರ ಬೇಡ. ಒಬ್ಬೊಬ್ಬರ ಕೆಲಸದಿಂದ ಒಂದೊಂದು ತುಂಡು ಎತ್ತಿಕೊಳ್ಳೋಣ. ಬಂದವರಿಗೆ ಅದು ಸರಿಯಾಗಿ ಅರ್ಥ ಆಗಬೇಕು. ಯಾವ ತುಂಡು, ಯಾರು ಹೇಳುತ್ತೀರಿ, ತಿಳಿಸಿ.

ಒಂದೇಪ್ರಶ್ನೆ (ಸುರತ್ಕಲ್)

ಅಕ್ಕ, ಕಾರ್ಯಕ್ರಮ ಚೆನ್ನಾಗಿದೆ. ಆದರೆ ಒಂದು ಪ್ರಶ್ನೆ. ಒಂದೇ ದಿನ ಹುಟ್ಟಿದ್ದರಲ್ಲಿ ಎಂತ ವಿಶೇಷ ಉಂಟು? ವರ್ಷಕ್ಕೆ ಇರುವುದೇ 365 ದಿನ. ಪ್ರಪಂಚದಲ್ಲಿ ಹೆಸರು ಮಾಡಿದವರು ಸಾವಿರಾರು ಜನ. ಯಾವ ತಾರೀಕು ತೆಗೆದರೂ ಇಬ್ಬರು ಮೂವರು ಸಿಕ್ಕೇ ಸಿಗುತ್ತಾರೆ. ಇದನ್ನು ಕೇಳಿ ಮಕ್ಕಳು ನಕ್ಷತ್ರ, ರಾಶಿ ಅಂತ ಶುರು ಮಾಡಿದರೆ ವಿಜ್ಞಾನದ ಕಾರ್ಯಕ್ರಮದ ಗತಿ ಏನು?

ಗಣಿತಮಾಷ್ಟ್ರು (ಕುಂದಾಪುರ)

ಪ್ರಶ್ನೆ ಸರಿಯಾಗಿದೆ ತಮ್ಮ. ಇದನ್ನೇ ಆ ಸಂಜೆ ಮೊದಲು ಎತ್ತಿಕೊಳ್ಳಬಹುದು, ಯಾಕೆಂದರೆ ಸಂಭವನೀಯತೆಯ ಗಣಿತಕ್ಕೆ ಗಟ್ಟಿ ಬುನಾದಿ ಹಾಕಿದವರಲ್ಲಿ ಲಾಪ್ಲಾಸ್ ಒಬ್ಬರು. ಅದರ ಮೇಲೆ ಅವರ ದೊಡ್ಡ ಗ್ರಂಥ ಬಂದದ್ದು 1812ರಲ್ಲಿ.

ಒಂದು ಕೋಣೆಯಲ್ಲಿ 23 ಜನ ಇದ್ದರೆ ಅವರಲ್ಲಿ ಯಾರಾದರೂ ಇಬ್ಬರ ಹುಟ್ಟಿದ ದಿನ ಒಂದೇ ಆಗಿರುವ ಸಾಧ್ಯತೆ ಅರ್ಧಕ್ಕಿಂತ ಜಾಸ್ತಿ, 50.7 ಶೇಕಡಾ. ತರಗತಿಯಲ್ಲಿ ಹೇಳಿದಾಗ ಯಾರೂ ನಂಬುವುದಿಲ್ಲ. ಮಕ್ಕಳು ತನ್ನ ಹುಟ್ಟಿದ ದಿನಕ್ಕೆ ಯಾರು ಸಿಗುತ್ತಾರೆ ಅಂತ ಮಾತ್ರ ನೋಡುತ್ತಾರೆ. ಲೆಕ್ಕ ಹಾಕಬೇಕಾದ್ದು ಜೋಡಿಗಳನ್ನು. 23 ಜನರಲ್ಲಿ ಜೋಡಿಗಳು 253. ಎರಡನೆಯವನ ದಿನ ಮೊದಲಿನವನಿಗಿಂತ ಬೇರೆ ಆಗಲು ಅವಕಾಶ 365ರಲ್ಲಿ 364. ಮೂರನೆಯವನಿಗೆ 363. ಹೀಗೆ 23ನೆಯವನ ತನಕ ಗುಣಿಸುತ್ತಾ ಹೋದರೆ "ಯಾರದ್ದೂ ಹೊಂದುವುದಿಲ್ಲ" ಎಂಬುದರ ಪಾಲು 49.3ಕ್ಕೆ ಇಳಿಯುತ್ತದೆ.

ಅದೇ, ಮಾರ್ಚ್ 23ರಂದೇ ಹುಟ್ಟಿದವರು ಒಬ್ಬರಾದರೂ ಬೇಕು ಅಂದರೆ ಅರ್ಧ ಅವಕಾಶಕ್ಕೆ 253 ಜನ ಬೇಕಾಗುತ್ತದೆ. ವಾಚನಾಲಯದಲ್ಲಿ ಬಂದವರ ಹುಟ್ಟಿದ ದಿನ ಬರೆಸಿ ಅಲ್ಲೇ ಪರೀಕ್ಷೆ ಮಾಡೋಣ. ತಾರೀಕು ಹೊಂದಿದ್ದರಲ್ಲಿ ಪವಾಡ ಇಲ್ಲ ಅಂತ ಮಕ್ಕಳಿಗೆ ಕಣ್ಣೆದುರೇ ಗೊತ್ತಾಗಲಿ. ಆಮೇಲೆ ಆ ಮೂವರ ಕೆಲಸಕ್ಕೆ ಹೋಗೋಣ.

ಕಡಲತಡಿ

ಮಾಷ್ಟ್ರೇ, ಇದು ಪಕ್ಕಾ. ಶುರು ನಿಮ್ಮಿಂದಲೇ.

ಮಲ್ಪೆಬಂದರು

ನಾನು ಓದಿದ್ದು ಕಡಿಮೆ, ಆದರೆ ಲಾಪ್ಲಾಸ್ ಹೆಸರು ಗೊತ್ತುಂಟು. ಯಾಕೆಂದರೆ ನಮ್ಮ ಇಡೀ ಕಸುಬು ಭರತ ಇಳಿತದ ಮೇಲೆ ನಿಂತಿದೆ. ಅಳಿವೆ ಬಾಗಿಲಲ್ಲಿ ಹೂಳು ತುಂಬಿದಾಗ ಬೋಟು ಒಳಗೆ ತರಲು ಭರತಕ್ಕೇ ಕಾಯಬೇಕು. ಹುಣ್ಣಿಮೆ ಅಮಾವಾಸ್ಯೆಗೆ ನೀರು ಜಾಸ್ತಿ ಏರುತ್ತದೆ, ಅಷ್ಟಮಿ ಹತ್ತಿರ ಕಡಿಮೆ. ಇದು ನಮ್ಮ ಅಜ್ಜಂದಿರಿಗೂ ಗೊತ್ತಿತ್ತು.

ನನಗೆ ಬಹಳ ದಿನ ಕಾಡಿದ್ದು ಬೇರೆಯೇ. ಮಲ್ಪೆ, ಮಂಗಳೂರು ಕಡೆ ದೊಡ್ಡ ಭರತ ಅಂದರೂ ಏರಿಳಿತ ಒಂದೂವರೆ ಮೀಟರಿನ ಸುಮಾರಿಗೆ. ಗುಜರಾತಿನ ಭಾವನಗರದಲ್ಲಿ ಅದು ಹತ್ತು ಮೀಟರಿನಷ್ಟು! ಚಂದ್ರ ಒಂದೇ, ಅರಬ್ಬಿ ಸಮುದ್ರವೂ ಒಂದೇ. ಹಾಗಾದರೆ ವ್ಯತ್ಯಾಸ ಯಾಕೆ?

ಉತ್ತರ ಲಾಪ್ಲಾಸ್ ಹತ್ತಿರ ಉಂಟು. ಚಂದ್ರ ಸೂರ್ಯರು ನೀರನ್ನು ಎಳೆಯುತ್ತಾರೆ ಅಂತ ನ್ಯೂಟನ್ ಹೇಳಿ ಆಗಿತ್ತು. ಆದರೆ ನೀರು ಎಳೆದ ಕೂಡಲೇ ಎದ್ದು ನಿಲ್ಲುವುದಿಲ್ಲ. ಅದು ಅಲೆಯಾಗಿ ಓಡಬೇಕು. ಆಳ ಕಡಿಮೆ ಇದ್ದಲ್ಲಿ ಓಟ ನಿಧಾನ. ದಡ ಅಡ್ಡ ಬಂದರೆ ತಿರುಗಬೇಕು. ಭೂಮಿ ತಿರುಗುವುದರಿಂದ ಪಕ್ಕಕ್ಕೂ ವಾಲುತ್ತದೆ. ಇದನ್ನೆಲ್ಲ ಸೇರಿಸಿ ಲಾಪ್ಲಾಸ್ ಸಮೀಕರಣ ಬರೆದದ್ದು 1775-76ರ ಹೊತ್ತಿಗೆ. ಭಾವನಗರ ಇರುವ ಖಂಭಾತ್ ಕೊಲ್ಲಿ ಬಾಯಿ ಅಗಲ, ಒಳಗೆ ಹೋದ ಹಾಗೆ ಇಕ್ಕಟ್ಟು, ಆಳವೂ ಕಡಿಮೆ. ಒಳಗೆ ನುಗ್ಗಿದ ನೀರಿಗೆ ಮೇಲೆ ಏರುವುದು ಬಿಟ್ಟರೆ ಬೇರೆ ದಾರಿ ಇಲ್ಲ. ನಮ್ಮದು ನೆಟ್ಟಗೆ ತೆರೆದ ಕರಾವಳಿ.

ಇನ್ನೊಂದು ಮಾತು. ಮಾರ್ಚ್ 21ರ ಆಸುಪಾಸು ಹಗಲು ರಾತ್ರಿ ಸಮ. ಆ ಹೊತ್ತಿನ ಹುಣ್ಣಿಮೆ ಅಮಾವಾಸ್ಯೆಯ ಭರತ ವರ್ಷದಲ್ಲೇ ದೊಡ್ಡವುಗಳ ಸಾಲಿಗೆ ಸೇರುತ್ತದೆ. ಕಾರ್ಯಕ್ರಮಕ್ಕೆ ಮೊದಲು ಮಕ್ಕಳನ್ನು ಬಂದರಿಗೆ ಕರೆದುಕೊಂಡು ಬನ್ನಿ. ಧಕ್ಕೆಯ ಕಂಬದಲ್ಲಿ ನೀರಿನ ಗುರುತು ತೋರಿಸುತ್ತೇನೆ. ಪಾಚಿ ಎಲ್ಲಿಗೆ ನಿಲ್ಲುತ್ತದೆ, ಚಿಪ್ಪು ಎಲ್ಲಿ ತನಕ ಹತ್ತಿದೆ ನೋಡಿದರೆ ನೀರು ಎಲ್ಲಿ ತನಕ ಬರುತ್ತದೆ ಅಂತ ಓದಬಹುದು.

ನೇತ್ರಾವತಿದಂಡೆ (ಮಂಗಳೂರು)

ಅಣ್ಣ, ನೀವು ಇದನ್ನು ಬಂದರಿನಲ್ಲೇ ಹೇಳಿ. ನಾವು ಕಾಲೇಜಿನಲ್ಲಿ ಬೋರ್ಡಿನ ಮೇಲೆ ಹೇಳಿದರೆ ಇಷ್ಟು ನಾಟುವುದಿಲ್ಲ. ಫ್ರಾನ್ಸಿನ ಬ್ರೆಸ್ಟ್ ಬಂದರಿನಲ್ಲಿ ನೀರಿನ ಮಟ್ಟ ಬರೆದಿಡುವ ಕೆಲಸ 1806ರ ಸುಮಾರಿಗೆ ಮತ್ತೆ ಶುರುವಾದದ್ದೂ ಲಾಪ್ಲಾಸ್ ಒತ್ತಾಯದಿಂದಲೇ. ಸಮೀಕರಣ ಬರೆದವರಿಗೂ ಕೊನೆಗೆ ಬಂದರಿನ ಕಂಬದ ಗುರುತು ಬೇಕಾಯಿತು.

ನಾನು ಎಮ್ಮಿ ನೋಥರ್ ಬಗ್ಗೆ ಹೇಳುತ್ತೇನೆ. ಭೌತಶಾಸ್ತ್ರ ಕಲಿಸುವವಳು ನಾನು. ಅವರ ಹೆಸರು ಪಿಯುಸಿ ಪುಸ್ತಕದಲ್ಲಿ ಸಿಗುವುದೇ ಕಷ್ಟ. ನನಗೆ ಇದು ಬೇಜಾರಿನ ವಿಷಯ. ಶಕ್ತಿ ನಾಶವಾಗುವುದಿಲ್ಲ ಅಂತ ಎಲ್ಲ ಮಕ್ಕಳೂ ಬಾಯಿಪಾಠ ಹೇಳುತ್ತಾರೆ. ಯಾಕೆ ನಾಶವಾಗುವುದಿಲ್ಲ ಅಂತ ಕೇಳಿದರೆ ಸುಮ್ನೆ ನಿಲ್ಲುತ್ತಾರೆ.

ನೋಥರ್ ಕೊಟ್ಟ ಉತ್ತರ ಇದು. ಒಂದು ಪ್ರಯೋಗವನ್ನು ಇವತ್ತು ಮಾಡಿ, ನಾಳೆ ಮಾಡಿ, ಪ್ರಕೃತಿಯ ನಿಯಮ ಬದಲಾಗುವುದಿಲ್ಲ. ಕಾಲ ಸರಿದರೂ ನಿಯಮ ಹಾಗೇ ಇರುತ್ತದಲ್ವಾ, ಅದರಿಂದಲೇ ಶಕ್ತಿ ಉಳಿಯುತ್ತದೆ. ಮಂಗಳೂರಿನ ನಿಯಮವೇ ಮಣಿಪಾಲದಲ್ಲೂ ನಡೆಯುತ್ತದೆ. ಜಾಗ ಬದಲಾದರೂ ನಿಯಮ ಬದಲಾಗದ ಕಾರಣ ಸಂವೇಗ (ದ್ರವ್ಯರಾಶಿ ಮತ್ತು ವೇಗದ ಗುಣಲಬ್ಧ) ಉಳಿಯುತ್ತದೆ. ಮೇಜನ್ನು ಪೂರ್ವಕ್ಕೆ ತಿರುಗಿಸಿ, ಪಶ್ಚಿಮಕ್ಕೆ ತಿರುಗಿಸಿ, ಅದೇ ನಿಯಮ. ಅದರಿಂದ ಕೋನೀಯ ಸಂವೇಗ, ಅಂದರೆ ತಿರುಗಾಟದ ಸಂವೇಗ, ಉಳಿಯುತ್ತದೆ. ಶಾಲೆಯಲ್ಲಿ ಮೂರು ಬೇರೆ ಬೇರೆ ಪಾಠವಾಗಿ ಕಲಿತದ್ದು ಒಂದೇ ಬೇರಿನಿಂದ ಬಂದದ್ದು ಅಂತ 1918ರಲ್ಲಿ ಪ್ರಕಟವಾದ ಅವರ ಪ್ರಮೇಯ ತೋರಿಸಿತು. ಇವತ್ತು ಕಣಗಳ ಭೌತಶಾಸ್ತ್ರ ಪೂರ್ತಿ ಈ ದಾರಿಯಲ್ಲೇ ನಡೆಯುತ್ತದೆ.

ಇಷ್ಟು ಮಾಡಿದವರಿಗೆ ಸಿಕ್ಕಿದ್ದೇನು? 1900ರಲ್ಲಿ ಎರ್ಲಾಂಗೆನ್ ವಿಶ್ವವಿದ್ಯಾಲಯದಲ್ಲಿ 986 ವಿದ್ಯಾರ್ಥಿಗಳಿದ್ದರು, ಹೆಂಗಸರು ಇಬ್ಬರೇ. ಪಾಠ ಕೇಳಲೂ ಆಯಾ ಪ್ರಾಧ್ಯಾಪಕರ ಒಪ್ಪಿಗೆ ಬೇಕಿತ್ತು. 1907ರಲ್ಲಿ ಡಾಕ್ಟರೇಟ್ ಆಯಿತು. 1908ರಿಂದ 1915ರ ತನಕ ಅಲ್ಲೇ ಸಂಬಳ ಇಲ್ಲದೆ ದುಡಿದರು. ಗಣಿತಜ್ಞರಾದ ಹಿಲ್ಬರ್ಟ್ ಮತ್ತು ಕ್ಲೈನ್ ಗಟಿಂಗೆನ್ ವಿಶ್ವವಿದ್ಯಾಲಯಕ್ಕೆ ಕರೆಸಿಕೊಂಡ ಮೇಲೂ 1919ರ ತನಕ ತನ್ನ ಹೆಸರಿನಲ್ಲಿ ಪಾಠ ಮಾಡುವ ಹಕ್ಕಿರಲಿಲ್ಲ. ಹಿಲ್ಬರ್ಟ್ ಹೆಸರಿನಲ್ಲಿ ತರಗತಿ ಪ್ರಕಟವಾಗುತ್ತಿತ್ತು, ಪಾಠ ಮಾಡುತ್ತಿದ್ದದ್ದು ನೋಥರ್. 1933ರಲ್ಲಿ ಯಹೂದಿ ಅಂತ ನಾಜಿ ಸರ್ಕಾರ ಕೆಲಸದಿಂದಲೇ ತೆಗೆಯಿತು. ಅಮೆರಿಕದ ಬ್ರಿನ್ ಮಾರ್ ಕಾಲೇಜಿಗೆ ಹೋದರು, 1935ರಲ್ಲಿ 53ನೇ ವಯಸ್ಸಿಗೆ ತೀರಿಕೊಂಡರು. ಸಭೆಗೆ ಬರುವ ಹೆಣ್ಣುಮಕ್ಕಳಿಗೆ ಇದನ್ನು ಪೂರ್ತಿ ಹೇಳಲೇಬೇಕು. ಸಮಯ ಇಲ್ಲ ಅಂತ ಕತ್ತರಿಸಬೇಡಿ.

ಹಳೆಪುಸ್ತಕ (ಮಂಗಳೂರು)

ಮೇಡಂ, ನಿಮ್ಮ ಬರಹ ಓದಿ ಒಂದು ವಿಷಯ ಹೊಳೆಯಿತು. ನೋಥರ್ ಡಾಕ್ಟರೇಟಿಗೆ ಎಂತ ಮಾಡಿದ್ದು?

ನೇತ್ರಾವತಿದಂಡೆ

ಗೋರ್ಡಾನ್ ಎಂಬ ಗುರುವಿನ ಕೈಕೆಳಗೆ ಅಚರಗಳ ಲೆಕ್ಕ. ಅಚರ ಅಂದರೆ ಸಮೀಕರಣದ ರೂಪ ಬದಲಿಸಿದರೂ ತಾನು ಬದಲಾಗದ ರಾಶಿ. ಪುಟಗಟ್ಟಲೆ ಸೂತ್ರಗಳು. ಕೊನೆಗೆ 331 ರೂಪಗಳ ಪಟ್ಟಿ ಕೊಟ್ಟಿದ್ದಾರೆ. ಆಮೇಲೆ ಆ ದಾರಿಯನ್ನೇ ಬಿಟ್ಟರು. 1911ರಲ್ಲಿ ಎರ್ನ್‌ಸ್ಟ್ ಫಿಶರ್ ಎರ್ಲಾಂಗೆನ್‌ಗೆ ಬಂದರು. ಅವರ ಜೊತೆ ಚರ್ಚೆ ಮಾಡುತ್ತಾ ನೋಥರ್ ಅಮೂರ್ತ ಬೀಜಗಣಿತದ ಕಡೆ ಹೊರಳಿದರು. ಸೂತ್ರ ಗುಡ್ಡೆ ಹಾಕುವ ಬದಲು, ಆ ಸೂತ್ರಗಳ ಹಿಂದಿನ ಕಟ್ಟಡ ಏನು ಅಂತ ನೋಡುವ ಕ್ರಮ.

ಹಳೆಪುಸ್ತಕ

1911! ಅದೇ ನನಗೆ ಬೇಕಾಗಿದ್ದದ್ದು.

ಗೋವಿಂದ ಪೈಗಳು ಕನ್ನಡ ಕಾವ್ಯದಲ್ಲಿ ಪ್ರಾಸ ಬಿಟ್ಟದ್ದೂ 1911ರಲ್ಲೇ. ಈಗಿನ ಮಕ್ಕಳಿಗೆ ಅದರ ತೂಕ ಗೊತ್ತಾಗಲಿಕ್ಕಿಲ್ಲ. ಪ್ರಾಸ ಅಂದರೆ ಸಾಲಿನ ಕೊನೆಯದ್ದಲ್ಲ. ಪ್ರತಿ ಸಾಲಿನ ಎರಡನೇ ಅಕ್ಷರ ಒಂದೇ ವ್ಯಂಜನ ಆಗಬೇಕು. ಮೊದಲ ಸಾಲು "ಕಡಲ" ಅಂತ ಎತ್ತಿದರೆ ಮುಂದಿನವು "ಒಡಲ", "ನಡೆದು", "ಬಿಡದೆ" ಅಂತಲೇ ಎತ್ತಬೇಕು. ಹಳೆಯ ಕಾವ್ಯ ಪೂರ್ತಿ ಈ ಕಟ್ಟಿನಲ್ಲೇ ಬಂದದ್ದು. ಅದನ್ನು ಬಿಟ್ಟರೆ ಪದ್ಯವೇ ಅಲ್ಲ ಎಂಬ ಕಾಲ. ಪೈಗಳಿಗೆ ಹಳಗನ್ನಡ ಚೆನ್ನಾಗಿ ಗೊತ್ತಿತ್ತು, ಪ್ರಾಸ ಬರದೆ ಬಿಟ್ಟದ್ದಲ್ಲ. ಅದಿಲ್ಲದೆಯೂ ಪದ್ಯ ನಿಲ್ಲುತ್ತದೆ ಅಂತ ಬರೆದು ತೋರಿಸಿದರು. ಛಂದಸ್ಸಿನ ನಡೆ ಇಟ್ಟುಕೊಂಡರು, ಪ್ರಾಸ ಇಳಿಸಿದರು.

ಇಬ್ಬರಿಗೂ ಆಗ 28, 29 ವರ್ಷ. ಒಬ್ಬರು ಎರ್ಲಾಂಗೆನ್‌ನಲ್ಲಿ, ಒಬ್ಬರು ನಮ್ಮ ಕಡೆಯವರು. ಒಬ್ಬರ ಹೆಸರು ಇನ್ನೊಬ್ಬರು ಕೇಳಿರುವ ಸಂಭವವೇ ಇಲ್ಲ. ಕೈಗೆ ಪೂರ್ತಿ ಒಗ್ಗಿದ ಒಂದು ವಿದ್ಯೆಯನ್ನು ಇಬ್ಬರೂ ಕೆಳಗಿಟ್ಟರು. ನನ್ನ ಮಟ್ಟಿಗೆ ಹುಟ್ಟಿದ ದಿನ ಒಂದೇ ಆದದ್ದಕ್ಕಿಂತ ಇದು ದೊಡ್ಡ ವಿಷಯ.

ಒಂದೇಪ್ರಶ್ನೆ

ಇದು ಒಪ್ಪಿದೆ ಸರ್. ತಾರೀಕು ಹೊಂದಿದ್ದು ಆಕಸ್ಮಿಕ. ಹತ್ತಿರ ಇಟ್ಟು ನೋಡಿದ್ದರಿಂದ ಇದು ಸಿಕ್ಕಿತು. ಅಕ್ಕ ಹೇಳಿದ "ನೆಪ" ಈಗ ಅರ್ಥ ಆಯಿತು.

ಸುಳ್ಯದಹುಡುಗ

ನಡುವೆ ಬರುತ್ತಿದ್ದೇನೆ, ಕ್ಷಮಿಸಿ. ಮಾರ್ಚ್ 23 ಅಂದರೆ ನನಗೆ ಮೊದಲು ನೆನಪಾಗುವುದು 1931. ಲಾಹೋರ್ ಜೈಲಿನಲ್ಲಿ ಭಗತ್ ಸಿಂಗ್, ರಾಜಗುರು, ಸುಖದೇವ್ ಅವರನ್ನು ಗಲ್ಲಿಗೇರಿಸಿದ ದಿನ. ಅಂಥ ದಿನ ಹುಟ್ಟುಹಬ್ಬ ಅಂತ ಆಚರಿಸುವುದು ಸರಿಯಾ? ರಾಮಮನೋಹರ ಲೋಹಿಯಾ ಹುಟ್ಟಿದ್ದೂ 1910ರ ಮಾರ್ಚ್ 23ರಂದು. ಈ ಕಾರಣಕ್ಕೇ ಅವರು ತಮ್ಮ ಹುಟ್ಟುಹಬ್ಬ ಆಚರಿಸುತ್ತಿರಲಿಲ್ಲ.

ಕಡಲತಡಿ

ತಮ್ಮ, ಹೇಳಿದ್ದು ಒಳ್ಳೆಯದಾಯಿತು. ನಾವು ಕೇಕ್ ಕತ್ತರಿಸುವುದಿಲ್ಲ, ಹಾರ ತುರಾಯಿಯೂ ಇಲ್ಲ. ಮೊದಲು ಎಲ್ಲರೂ ಎದ್ದು ನಿಂತು ಆ ಮೂವರ ಹೆಸರು ಹೇಳೋಣ. ಭಗತ್ ಸಿಂಗ್ ಜೈಲಿನಲ್ಲೂ ಪುಸ್ತಕ ಬಿಟ್ಟವರಲ್ಲ, ಓದಿದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದರು. ಅವರ ದಿನ ವಾಚನಾಲಯದಲ್ಲಿ ಕೂತು ಓದುವುದರಲ್ಲಿ ನನಗೆ ತಪ್ಪು ಕಾಣುವುದಿಲ್ಲ. ಆ ಎರಡು ಮಾತು ನೀನೇ ಹೇಳು.

ಸುಳ್ಯದಹುಡುಗ

ಆಗಲಿ ಅಕ್ಕ. ಬರುತ್ತೇನೆ.

ಮಲ್ಪೆಬಂದರು

ಇನ್ನೊಬ್ಬರು ಸಿಕ್ಕಿದರು ಮಾರಾಯ್ರೆ. ಹರ್ಮನ್ ಸ್ಟಾಡಿಂಗರ್, ಜರ್ಮನಿಯವರು, 1881ರ ಮಾರ್ಚ್ 23. ರಬ್ಬರಿನಂಥ ವಸ್ತುಗಳು ಉದ್ದುದ್ದ ಸರಪಳಿಯ ಅಣುಗಳಿಂದ ಆದದ್ದು ಅಂತ 1920ರಲ್ಲಿ ಹೇಳಿದಾಗ ಜೊತೆಯ ರಸಾಯನಶಾಸ್ತ್ರದವರೇ ಒಪ್ಪಲಿಲ್ಲವಂತೆ. ನೊಬೆಲ್ ಸಿಕ್ಕಿದ್ದು 1953ರಲ್ಲಿ. ಆ ತಿಳುವಳಿಕೆಯ ದಾರಿಯಲ್ಲೇ ನೈಲಾನ್ ಬಂತು, ನಮ್ಮ ಬಲೆ ಬಂತು. ಹಿಂದೆ ಹತ್ತಿ ನೂಲಿನ ಬಲೆ. ಒಗರಿನ ರಸದಲ್ಲಿ ಅದ್ದಬೇಕು, ಕಡಲಿಂದ ಬಂದ ಮೇಲೆ ಹರಡಿ ಒಣಗಿಸಬೇಕು, ಇಲ್ಲದಿದ್ದರೆ ಕೊಳೆಯುತ್ತದೆ. ನೈಲಾನ್ ಬಂದ ಮೇಲೆ ಆ ಕೆಲಸ ತಪ್ಪಿತು. ಈಗ ಹರಿದ ಬಲೆ ಸಮುದ್ರದಲ್ಲೇ ಉಳಿದು ಮೀನು ಕೊಲ್ಲುತ್ತದೆ, ಅದೂ ನಿಜ.

ಗಣಿತಮಾಷ್ಟ್ರು

ಅಣ್ಣ, ಇದನ್ನೂ ಬಂದರಿನಲ್ಲೇ ಹೇಳಿಬಿಡಿ, ಬಲೆ ಕೈಯಲ್ಲಿ ಹಿಡಿದುಕೊಂಡು. ಮಾರ್ಚ್ 23 ವಿಶ್ವ ಹವಾಮಾನ ದಿನವೂ ಹೌದು, 1950ರಲ್ಲಿ ವಿಶ್ವ ಹವಾಮಾನ ಸಂಸ್ಥೆಯ ಒಪ್ಪಂದ ಜಾರಿಗೆ ಬಂದ ದಿನ. ತೂಫಾನಿನ ಎಚ್ಚರಿಕೆ ಬೋಟಿಗೆ ಹೇಗೆ ಬರುತ್ತದೆ ಅಂತ ನೀವೇ ಹೇಳಿದರೆ ಅಷ್ಟು ಸಾಕು.

ಈಗ ಗೋವಿಂದ ಪೈಗಳ ಕಡೆ ಬರೋಣ. ಕವಿತೆ ಸರಿ, ಅವರ ಸಂಶೋಧನೆ ಹೇಳುವವರು ಯಾರು?

ಹಳೆಪುಸ್ತಕ

ನಾನೇ ಹೇಳುತ್ತೇನೆ. ತಾರೀಕಿನ ವಿಷಯ ಮಾತಾಡುವಾಗ ಪೈಗಳನ್ನು ಬಿಟ್ಟರೆ ಹೇಗೆ? ರಾಜರ, ಕವಿಗಳ, ಆಚಾರ್ಯರ ಕಾಲ ಗೊತ್ತು ಮಾಡುವುದಕ್ಕೇ ಅವರು ಜೀವನದ ದೊಡ್ಡ ಪಾಲು ಕೊಟ್ಟರು. ಇಂಥ ಕೆಲಸ ನಡೆಯುವುದು ಹೀಗೆ. ಶಾಸನದಲ್ಲಿ ಶಕವರ್ಷ, ಮಾಸ, ತಿಥಿ, ವಾರ ಇರುತ್ತದೆ. ಶಕಕ್ಕೆ 78 ಸೇರಿಸಿದರೆ ಇಸವಿ ಸುಮಾರಾಗಿ ಸಿಗುತ್ತದೆ. ಅಷ್ಟಕ್ಕೆ ಮುಗಿಯುವುದಿಲ್ಲ. ಆ ತಿಥಿ ನಿಜವಾಗಿ ಆ ವಾರವೇ ಬಿದ್ದಿತ್ತಾ? ಗ್ರಹಣ ಹೇಳಿದ್ದರೆ ಆ ದಿನ ಗ್ರಹಣ ಆಗಿತ್ತಾ? ಹೊಂದದಿದ್ದರೆ ಬರೆದದ್ದು ಗತ ಶಕವೋ (ಮುಗಿದ ವರ್ಷಗಳ ಲೆಕ್ಕ) ವರ್ತಮಾನ ಶಕವೋ (ನಡೆಯುತ್ತಿರುವ ವರ್ಷದ ಲೆಕ್ಕ) ನೋಡಬೇಕು. ಕೆತ್ತಿದವನ ಕೈತಪ್ಪೋ, ಇಡೀ ಶಾಸನವೇ ಕೂಟಶಾಸನವೋ, ಅಂದರೆ ನಕಲಿಯೋ, ಅಂತಲೂ ನೋಡಬೇಕು. ಸ್ವಾಮಿಕಣ್ಣು ಪಿಳ್ಳೆಯವರ 1922ರ ಪಂಚಾಂಗ ಸಂಪುಟಗಳು ಈ ಕೆಲಸದವರಿಗೆ ಕೈಪಿಡಿ. ಒಂದು ಕವಿತೆ ಬರೆಯುವಷ್ಟೇ ಶ್ರದ್ಧೆ ಒಂದು ತಾರೀಕಿಗೂ ಬೇಕು.

ಪೈಗಳ ಪುಸ್ತಕ ಭಂಡಾರ ನಮ್ಮ ಉಡುಪಿಯ ಎಂಜಿಎಂ ಕಾಲೇಜಿಗೆ ಬಂತು, ಅವರ ಹೆಸರಿನ ಸಂಶೋಧನ ಕೇಂದ್ರವೂ ಅಲ್ಲೇ ಉಂಟು. ಮಕ್ಕಳು ಒಮ್ಮೆ ಹೋಗಿ ನೋಡಲಿ.

ಇನ್ನು ಕವಿತೆ. "ಗೊಲ್ಗೊಥಾ" ಯೇಸುವಿನ ಕೊನೆಯ ದಿನ. "ವೈಶಾಖಿ" ಬುದ್ಧನ ಕೊನೆಯ ದಿನ. ಎರಡೂ ಒಂದೊಂದು ದಿನದ ಕಾವ್ಯ. ಬುದ್ಧ ಹುಟ್ಟಿದ್ದು, ಬೋಧಿ ಪಡೆದದ್ದು, ಪರಿನಿರ್ವಾಣ ಆದದ್ದು ಮೂರೂ ವೈಶಾಖ ಹುಣ್ಣಿಮೆ ಅಂತ ಸಂಪ್ರದಾಯ ಹೇಳುತ್ತದೆ. ಒಂದೇ ದಿನಕ್ಕೆ ಮೂರು ನೆನಪು ಕೂಡಿಸುವುದು ನಮಗೆ ಹೊಸತಲ್ಲ.

ಗಣಿತಮಾಷ್ಟ್ರು

ಸರ್, ನೀವು ಗೊಲ್ಗೊಥಾ ಅಂದ ಕೂಡಲೇ ಒಂದು ಲೆಕ್ಕ ಹಾಕಿ ನೋಡಿದೆ. ಮೈ ಜುಮ್ಮೆಂದಿತು.

1883ರ ಮಾರ್ಚ್ 23 ಶುಕ್ರವಾರ. ಆ ವರ್ಷ ಈಸ್ಟರ್ ಯಾವತ್ತು ಅಂತ ಗೌಸ್ ಎಂಬ ಗಣಿತಜ್ಞ ಕೊಟ್ಟ ಸೂತ್ರದಲ್ಲಿ ನೋಡಬಹುದು. 1883ನ್ನು 19ರಿಂದ ಭಾಗಿಸಿದರೆ ಶೇಷ 2. ನಾಲ್ಕರಿಂದ ಭಾಗಿಸಿದರೆ 3. ಏಳರಿಂದ ಭಾಗಿಸಿದರೆ 0. ಆ ಶತಮಾನದ ಸ್ಥಿರ ಸಂಖ್ಯೆಗಳು 23 ಮತ್ತು 4. ಈಗ 19ನ್ನು ಎರಡರಿಂದ ಗುಣಿಸಿ 23 ಕೂಡಿಸಿ, 61. ಮೂವತ್ತರಿಂದ ಭಾಗಿಸಿದರೆ ಶೇಷ 1. ಮುಂದೆ ಮೂರರ ಎರಡರಷ್ಟು 6, ಸೊನ್ನೆಯ ನಾಲ್ಕರಷ್ಟು 0, ಒಂದರ ಆರರಷ್ಟು 6, ಸ್ಥಿರ ಸಂಖ್ಯೆ 4, ಒಟ್ಟು 16. ಏಳರಿಂದ ಭಾಗಿಸಿದರೆ ಶೇಷ 2. ಮಾರ್ಚ್ 22ಕ್ಕೆ ಈ 1 ಮತ್ತು 2 ಸೇರಿಸಿ. ಈಸ್ಟರ್ ಮಾರ್ಚ್ 25, ಭಾನುವಾರ.

ಈಸ್ಟರಿಗೆ ಎರಡು ದಿನ ಮೊದಲು ಬರುವುದು ಶುಭ ಶುಕ್ರವಾರ, ಅಂದರೆ ಮಾರ್ಚ್ 23. ಯೇಸುವನ್ನು ಶಿಲುಬೆಗೇರಿಸಿದ ದಿನದ ಮೇಲೆ ಕಾವ್ಯ ಬರೆದ ಕವಿ ಹುಟ್ಟಿದ್ದು ಶುಭ ಶುಕ್ರವಾರದಂದೇ! ಈಸ್ಟರ್ ಹುಣ್ಣಿಮೆಯ ಲೆಕ್ಕದ ಮೇಲೆ ಬರುವ ಕಾರಣ, ಪೈಗಳು ಹುಟ್ಟಿದ್ದು ಹೋಳಿ ಹುಣ್ಣಿಮೆಯ ಆಸುಪಾಸು ಅಂತಲೂ ಗೊತ್ತಾಗುತ್ತದೆ.

ಹಳೆಪುಸ್ತಕ

ಮಾಷ್ಟ್ರೇ! ಇಷ್ಟು ವರ್ಷ ಗೊಲ್ಗೊಥಾ ಓದಿದ್ದೇನೆ, ಇದನ್ನು ಯಾರೂ ಹೇಳಿದ್ದು ಕೇಳಿಲ್ಲ. ಕೂತು ನಾನೂ ಕಾಗದದಲ್ಲಿ ಹಾಕಿ ನೋಡಿದೆ. ಸರಿ ಬಂತು.

ಒಂದೇಪ್ರಶ್ನೆ

ಲೆಕ್ಕ ನಾನೂ ಪ್ರೋಗ್ರಾಂ ಬರೆದು ನೋಡಿದೆ, ಸರಿ ಇದೆ. ಆದರೂ ಸರ್, ಶುಭ ಶುಕ್ರವಾರ ಹುಟ್ಟಿದ್ದಕ್ಕೆ ಗೊಲ್ಗೊಥಾ ಬರೆದರು ಅಂತ ಯಾರೂ ಹೇಳಬಾರದು. ಹತ್ತಾರು ಭಾಷೆ ಕಲಿತು, ಬೈಬಲ್ ಓದಿ, ಇನ್ನೊಂದು ಧರ್ಮದ ನೋವನ್ನು ತನ್ನದು ಅಂತ ಅಂದುಕೊಂಡದ್ದಕ್ಕೆ ಬರೆದರು. ಅದರ ಹಿಂದೆ ಇರುವುದು ಅವರ ದುಡಿಮೆ.

ಹಳೆಪುಸ್ತಕ

ನೂರಕ್ಕೆ ನೂರು ಒಪ್ಪಿದೆ. ಪೈಗಳು ಇದ್ದಿದ್ದರೂ ಇದನ್ನೇ ಹೇಳುತ್ತಿದ್ದರೇನೋ. ಅವರು ತಾರೀಕನ್ನು ಪರೀಕ್ಷೆ ಮಾಡುವವರು, ತಾರೀಕಿನಿಂದ ಭವಿಷ್ಯ ಹೇಳುವವರಲ್ಲ.

ನೇತ್ರಾವತಿದಂಡೆ

ಒಂದು ಕೇಳಿಕೆ ಉಂಟು. ನೋಥರ್ ಬಗ್ಗೆ ಹೇಳಿ ಮುಗಿಸಿದ ಕೂಡಲೇ ಪೈಗಳ "ಹೆಬ್ಬೆರಳು" ನಾಟಕದಿಂದ ಒಂದು ಭಾಗ ಓದಬಹುದಾ? ಏಕಲವ್ಯನ ಕಥೆ. ಗುರುವಿನ ಬಾಗಿಲು ಮುಚ್ಚಿದ್ದರೂ ವಿದ್ಯೆ ಕಲಿತವನು ಅವನು. ಸಂಬಳವೂ ಹೆಸರೂ ಇಲ್ಲದೆ ಪಾಠ ಮಾಡಿದವರ ಮಾತು ಕೇಳಿದ ಮೇಲೆ ಆ ಭಾಗ ಬೇರೆಯೇ ಆಗಿ ಕೇಳಿಸೀತು.

ಹಳೆಪುಸ್ತಕ

ಖಂಡಿತ. ನನ್ನ ಹತ್ತಿರ ಹಳೆಯ ಪ್ರತಿ ಉಂಟು. ಇಬ್ಬರು ಓದಿದರೆ ಚಂದ. ಮೇಡಂ, ಒಂದು ಪಾತ್ರ ನೀವೇ ಓದಿ.

ನೇತ್ರಾವತಿದಂಡೆ

ಓದುತ್ತೇನೆ ಸರ್. ಒಂದು ದಿನ ಮೊದಲು ಪುಟಗಳ ಫೋಟೋ ಕಳಿಸಿ, ಅಭ್ಯಾಸ ಮಾಡಿಕೊಳ್ಳಬೇಕು.

ಕಡಲತಡಿ

ಹಾಗಾದರೆ ಹೀಗೆ ಇಟ್ಟುಕೊಳ್ಳೋಣ. ಮಧ್ಯಾಹ್ನ ಮಕ್ಕಳು ಮಲ್ಪೆ ಧಕ್ಕೆಗೆ. ಅಲ್ಲಿ ಭರತ ಮತ್ತು ಬಲೆ. ಸಂಜೆ ವಾಚನಾಲಯದಲ್ಲಿ ಭಗತ್ ಸಿಂಗರ ನೆನಪು, ಆಮೇಲೆ ಮಾಷ್ಟ್ರ 23 ಜನರ ಲೆಕ್ಕ, ನೋಥರ್, ಹೆಬ್ಬೆರಳು. ಕೊನೆಗೆ ಪ್ರಾಸ, ಶಾಸನ, ಈಸ್ಟರ್ ಲೆಕ್ಕ, ಗೊಲ್ಗೊಥಾದ ಓದು. ನೋಥರ್ ಭಾಗಕ್ಕೆ ಸಮಯದ ಮಿತಿ ಇಲ್ಲ.

ಮಲ್ಪೆಯ ಅಣ್ಣ, ಆ ದಿನ ಇಳಿತ ಎಷ್ಟು ಗಂಟೆಗೆ ಅಂತ ನೋಡಿ ಹೇಳಿ. ಕಂಬದ ಗುರುತು ಕಾಣಬೇಕಾದರೆ ಆ ಹೊತ್ತಿಗೇ ಬರಬೇಕಲ್ವಾ? ವ್ಯಾನ್ ಅದಕ್ಕೆ ಸರಿಯಾಗಿ ಹೇಳುತ್ತೇನೆ.

ಮಲ್ಪೆಬಂದರು

ನೋಡಿ ಹೇಳುತ್ತೇನೆ ಅಕ್ಕ. ಮಕ್ಕಳಿಗೆ ಚಪ್ಪಲಿ ಬೇಡ, ಜಾರದ ಶೂ ಹಾಕಿಸಿ. ಧಕ್ಕೆಯ ಮೆಟ್ಟಿಲಲ್ಲಿ ಪಾಚಿ ಉಂಟು.